ನಲವತ್ತೊಂಬತ್ತಕ್ಕೆ ಇಳಿಯದ ಹಾಡು

ಮಂಗಳವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ರೇಡಿಯೊ ಕೇಂದ್ರದಿಂದ ಫೋನು ಬಂತು. ನನ್ನ ಹಾಡು ಶ್ರುತಿಯಲ್ಲಿಲ್ಲ ಎಂದರು.

ನಾನಾಗ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜಿನ ಅಂಚು ಉಜ್ಜುತ್ತಿದ್ದೆ. ವಾರಕ್ಕೆ ಆರು ದಿನ, ಮಧ್ಯಾಹ್ನ ಒಂದೂವರೆವರೆಗೆ ನನ್ನ ಕೆಲಸ ಅದು. ಯಂತ್ರ ನಿಲ್ಲಿಸಿ, ಒದ್ದೆ ಕೈ ಒರೆಸಿಕೊಂಡು, ಇನ್ನೊಂದು ಸಲ ಹೇಳಿ ಎಂದೆ. ಫೋನಿನಲ್ಲಿದ್ದವರು ಕೇಂದ್ರದ ಸೌಂಡ್ ಎಂಜಿನಿಯರ್. ಅವರು ಇನ್ನೊಂದು ಸಲ, ಈ ಬಾರಿ ನಿಧಾನವಾಗಿ, ಅದನ್ನೇ ಹೇಳಿದರು.

ಕೇಂದ್ರದಲ್ಲಿ ರಾತ್ರಿ ಪಾಳಿಯವರಿಗಾಗಿ ಹನ್ನೊಂದು ಗಂಟೆಗೆ ಅರ್ಧ ಗಂಟೆಯ ಕಾರ್ಯಕ್ರಮವೊಂದು ಶುರುವಾಗುವುದಿತ್ತು. ಪ್ರತಿ ಶುಕ್ರವಾರ ಯಾವ ಕಂಪನಿಗೂ ಸೇರದ, ಸ್ವಂತವಾಗಿ ಹಾಡು ಕಟ್ಟುವವರ ಒಂದು ಹಾಡು. ಇನ್ನೂರ ಹನ್ನೆರಡು ಹಾಡು ಬಂದಿದ್ದವು, ಆರು ಆಯ್ಕೆಯಾಗಿದ್ದವು. ಮೊದಲ ಶುಕ್ರವಾರ ನನ್ನದು.

ಎಂಜಿನಿಯರ್ ವಿವರಿಸಿದ್ದು ಇಷ್ಟು. ಕೀಬೋರ್ಡಿನ ಒಂದು ಕೀಲಿಗೂ ಅದರ ಪಕ್ಕದ ಕೀಲಿಗೂ ನಡುವಿನ ಅಂತರವನ್ನು ನೂರು ಭಾಗ ಮಾಡಿದರೆ, ನನ್ನ ಹಾಡು ಇರಬೇಕಾದ ಜಾಗಕ್ಕಿಂತ ಮೂವತ್ತೈದು ಭಾಗ ಮೇಲಿದೆ. ಒಂದು ಕಡೆಯಲ್ಲ, ಉದ್ದಕ್ಕೂ. ಬೇರೆ ಹಾಡಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಕಾರ್ಯಕ್ರಮದ ಆರಂಭಕ್ಕೆಂದು ಕೇಂದ್ರ ಮಾಡಿಸಿದ ಕೀಬೋರ್ಡ್ ಸಂಗೀತದ ಕೊನೆಯ ಸ್ವರ ಹಾಡಿನ ಮೊದಲ ಸಾಲಿನ ಕೆಳಗೂ ಎಳೆದುಕೊಂಡು ಬರುತ್ತದೆ. ಎರಡೂ ಒಟ್ಟಿಗೆ ಕೇಳಿಸಿದರೆ ಹಲ್ಲು ಜುಮ್ಮೆನ್ನುತ್ತದೆ.

“ನಾನೇ ಕಂಪ್ಯೂಟರಿನಲ್ಲಿ ಇಳಿಸಿ, ಸರಿ ಮಾಡಿ ಕಳಿಸಿದ್ದೀನಿ ಮೇಡಂ. ನಾಳೆ ಸಂಜೆ ಐದರೊಳಗೆ ನೀವು ಹೂಂ ಅಂದ್ರೆ ಸಾಕು. ಇಲ್ಲಾಂದ್ರೆ ಎರಡನೇ ಹಾಡನ್ನ ಮೊದಲನೇದು ಮಾಡಬೇಕಾಗುತ್ತೆ.”

ಹಾಗಾದರೆ ನನ್ನದು ಎರಡನೆಯದಾಗುತ್ತದೆಯೇ ಎಂದು ಕೇಳಿದೆ. ಇಲ್ಲ, ಪಟ್ಟಿಯಿಂದ ಹೋಗುತ್ತದೆ ಎಂದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಗಾಜಿನ ಪವರ್ ತಪ್ಪಾಗಿದೆ ಎಂದು ನಾನು ಗಿರಾಕಿಗೆ ಹೇಳುವುದೂ ಹೀಗೆಯೇ.

ಹೂಂ ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ಅದಕ್ಕೆ ಕಾರಣ ಹಾಡಿನ ಮೇಲಿನ ಭರವಸೆಯಲ್ಲ, ಹಳೆಯ ಗಾಯ.

ಇಪ್ಪತ್ತರಿಂದ ಇಪ್ಪತ್ನಾಲ್ಕನೇ ವಯಸ್ಸಿನವರೆಗೆ ನಾನು ನಾಲ್ಕು ಜನರ ಒಂದು ತಂಡದಲ್ಲಿ ಗಿಟಾರ್ ಬಾರಿಸುತ್ತಿದ್ದೆ. ಮನೆಯಲ್ಲಿ ಶ್ರುತಿ ಮಾಡಿಕೊಂಡು ಹೋದ ಗಿಟಾರನ್ನು ಅಭ್ಯಾಸದ ಕೋಣೆಯಲ್ಲಿ ದಿನವೂ ಇಳಿಸಬೇಕಾಗುತ್ತಿತ್ತು. ತಂಡದ ಕೀಬೋರ್ಡಿನವನು ನನಗೆ ‘ಏಣಿ’ ಎಂದು ಹೆಸರಿಟ್ಟಿದ್ದ. “ಬಂದಳು ನೋಡ್ರಪ್ಪಾ ಏಣಿ, ಇಳಿಸ್ರೋ ಕೆಳಗೆ” ಎನ್ನುತ್ತಿದ್ದ. ಎಲ್ಲರೊಂದಿಗೆ ನಾನೂ ನಗುತ್ತಿದ್ದೆ. ನಾಲ್ಕನೇ ವರ್ಷ ತಂಡಕ್ಕೆ ಬೇರೆ ಗಿಟಾರಿನವಳು ಬಂದಳು. ನನಗೆ ಯಾರೂ ಬಿಡು ಎನ್ನಲಿಲ್ಲ. ಅಭ್ಯಾಸದ ಸಮಯ ತಿಳಿಸುವುದನ್ನು ನಿಲ್ಲಿಸಿದರು. ಏಣಿಗೆ ಕಿವಿ ಸರಿಯಿಲ್ಲ ಎಂದು ಕೀಬೋರ್ಡಿನವನು ಹೇಳಿದ್ದು ಮೂರನೆಯವರ ಬಾಯಿಂದ ನನಗೆ ತಿಳಿಯಿತು.

ಆಮೇಲೆ ನಾನು ಒಬ್ಬಳೇ ಹಾಡು ಕಟ್ಟತೊಡಗಿದೆ. ಏಳು ವರ್ಷದಲ್ಲಿ ಹತ್ತೊಂಬತ್ತು ಹಾಡು. ಶ್ರುತಿ ತೋರಿಸುವ ಮೀಟರ್ ನೋಡಿಕೊಂಡು ತಂತಿ ಬಿಗಿಯುವುದಿಲ್ಲ ಎಂದು ಹಟ ಹಿಡಿದೆ. ಕಿವಿ ಸರಿಯಿಲ್ಲ ಅಂದರಲ್ಲ, ಕಿವಿಯಲ್ಲೇ ಮಾಡಿ ತೋರಿಸುತ್ತೇನೆ ಎಂಬ ಹಟ. ಈಗ ಅದೇ ಮಾತು ರೇಡಿಯೊದಿಂದ, ಅಂಕಿಯ ಸಮೇತ, ಬಂದಿತ್ತು.

ಈ ಹಾಡಿನ ಹೆಸರು ‘ಮೂರನೇ ಪಾಳಿ’. ನಾಲ್ಕು ನಿಮಿಷ ಮೂವತ್ತು ಸೆಕೆಂಡು. ಊರಿನ ರಾತ್ರಿಯ ಮೇಲೆ ಕಟ್ಟಿದ್ದು. ಎಲ್ಲರೂ ಊರಿನ ರಾತ್ರಿಯನ್ನು ಬೀದಿಯಲ್ಲಿ ನೋಡುತ್ತಾರೆ. ನಾನು ಅದನ್ನು ಮೊದಲು ನೋಡಿದ್ದು ಕರೆಂಟಿನ ಮೀಟರುಗಳ ಮುಳ್ಳುಗಳಲ್ಲಿ.

ಅಪ್ಪ ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದ. ನಮ್ಮ ಕ್ವಾರ್ಟರ್ಸು ಬೇಲಿಗೆ ಅಂಟಿಕೊಂಡೇ ಇತ್ತು. ಅಡುಗೆಮನೆಯ ಗೋಡೆಯಿಂದ ಎರಡನೇ ನಂಬರ್ ಟ್ರಾನ್ಸ್‌ಫಾರ್ಮರಿಗೆ ಇಪ್ಪತ್ತೆಂಟು ಮೀಟರ್. ನಾನು ಹುಟ್ಟಿದ್ದು, ಬೆಳೆದದ್ದು, ಜ್ವರ ಬಂದು ಮಲಗಿದ್ದು, ಗಿಟಾರ್ ಕಲಿತದ್ದು ಎಲ್ಲ ಅದೇ ಮನೆಯಲ್ಲಿ. ರಾತ್ರಿ ಪಾಳಿಯಿದ್ದಾಗ ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋದರೆ ಅರ್ಧ ಗಂಟೆ ಕಂಟ್ರೋಲ್ ರೂಮಿನಲ್ಲಿ ಕೂರಲು ಬಿಡುತ್ತಿದ್ದ. ಗೋಡೆಯ ತುಂಬ ಮೀಟರು. ಹನ್ನೊಂದು ಫೀಡರುಗಳು, ಅಂದರೆ ಹನ್ನೊಂದು ಬಡಾವಣೆಗಳಿಗೆ ಹೋಗುವ ಹನ್ನೊಂದು ಲೈನುಗಳು. ಒಂದೊಂದಕ್ಕೆ ಒಂದೊಂದು ಮುಳ್ಳು.

ಹನ್ನೊಂದು ಗಂಟೆಗೆ ಮುಳ್ಳುಗಳು ಒಂದೊಂದಾಗಿ ಬಾಗುತ್ತಿದ್ದವು. ಅಪ್ಪ ತುತ್ತು ಬಾಯಿಗಿಡುತ್ತಲೇ ಹೇಳುತ್ತಿದ್ದ: ಮೂರನೆಯದು ಮಲಗಿತು, ಮೇಷ್ಟ್ರುಗಳ ಬಡಾವಣೆ. ಆರನೆಯದು ಮಲಗುವುದಿಲ್ಲ, ಆಸ್ಪತ್ರೆ. ಒಂಬತ್ತನೆಯದು ರಾತ್ರಿ ಒಂದಕ್ಕೆ ಎದ್ದು ಕೂರುತ್ತದೆ, ಡಿಪೊದಲ್ಲಿ ಬಸ್ಸು ತೊಳೆಯುವ ಪಂಪು. ನಾಲ್ಕನೆಯದು ಮೂರಕ್ಕೆ ಏಳುತ್ತದೆ, ಬೇಕರಿಗಳು. ಕಣ್ಣಲ್ಲಿ ನೋಡದ ಬೀದಿಗಳ ನಿದ್ದೆಯೆಲ್ಲ ಅಪ್ಪನಿಗೆ ಬಾಯಿಪಾಠ. ದೊಡ್ಡವಳಾದ ಮೇಲೆ ನಾನು ಆ ಬೀದಿಗಳನ್ನು ಒಂದೊಂದಾಗಿ ಹೋಗಿ ನೋಡಿದೆ. ಅಪ್ಪ ಹೇಳಿದ್ದ ಗಂಟೆಗೇ ಹೋದೆ. ಒಂದೂ ತಪ್ಪಿರಲಿಲ್ಲ. ಹಾಡಿಗೆ ಮೂರು ಚರಣ, ಒಂದೊಂದೂ ಒಂದೊಂದು ಫೀಡರು. ಅದು ಶುರುವಾಗುವುದು ಹೀಗೆ:

ಊರು ಮಲಗಿತು ಅಂದವರಾರು?
ಡಿಪೊದಲ್ಲಿ ಬಸ್ಸು ಮುಖ ತೊಳೆಯುತಿದೆ.

ಅಪ್ಪನ ನಿವೃತ್ತಿಗೆ ಆರು ದಿನ ಉಳಿದಿದ್ದಾಗ, ಮನೆ ಖಾಲಿ ಮಾಡುವ ಮೊದಲು, ಆ ಅಡುಗೆಮನೆಯಲ್ಲೇ ಅದನ್ನು ರೆಕಾರ್ಡ್ ಮಾಡಿದೆ. ಪಾತ್ರೆಗಳೆಲ್ಲ ಪೆಟ್ಟಿಗೆ ಸೇರಿದ್ದವು. ಕೋಣೆ ಚೆನ್ನಾಗಿ ಮೊಳಗುತ್ತಿತ್ತು. ರಾತ್ರಿ ಒಂದರಿಂದ ಮೂರೂಕಾಲಿನವರೆಗೆ, ಗಾಡಿಗಳ ಸದ್ದು ಇಲ್ಲದ ಹೊತ್ತು. ಚರಣಗಳನ್ನು ಕ್ರಮವಾಗಿ, ಒಂದೊಂದನ್ನೂ ಸರಿ ಬರುವವರೆಗೆ ಹಾಡಿದೆ; ಕೊನೆಯದಕ್ಕೆ ಬರುವಾಗ ಮೂರು ಗಂಟೆ. ಅಪ್ಪ ಆಚೆ ಪಾಳಿಯಲ್ಲಿದ್ದ. ಅದಾಗಿ ಒಂಬತ್ತು ತಿಂಗಳು.

ಆ ಮಂಗಳವಾರ ಅಂಗಡಿಯಿಂದ ಮನೆಗೆ ಬಂದಾಗ ಎರಡು ಗಂಟೆ. ಈಗ ನಾವಿರುವುದು ಊರಿನ ಇನ್ನೊಂದು ತುದಿಯಲ್ಲಿ, ಎರಡನೇ ಮಹಡಿಯ ಎರಡು ಕೋಣೆಯ ಮನೆ. ಸದ್ದುಗದ್ದಲವಿಲ್ಲದ ಜಾಗ. ಅಪ್ಪನಿಗೆ ಇಲ್ಲಿ ನಿದ್ದೆ ಬರುವುದಿಲ್ಲ. ಸಬ್‌ಸ್ಟೇಷನ್ನಿನವರಿಗೆ ಮೌನವೆಂದರೆ ಏನೋ ಕೆಟ್ಟು ನಿಂತಿದೆ ಎಂದರ್ಥ. ಹಳೆಯ ಮನೆಯಲ್ಲಿ ಟ್ರಾನ್ಸ್‌ಫಾರ್ಮರಿನ ಗುಂಯ್‌ ನಿಂತ ಮರುಕ್ಷಣ ಮನೆಮಂದಿಯೆಲ್ಲ ಎದ್ದು ಕೂರುತ್ತಿದ್ದೆವು. ಇಲ್ಲಿ ಅಪ್ಪ ರಾತ್ರಿಗೆ ಮೂರು ಸಲ ಏಳುತ್ತಾನೆ, ಕಿಟಕಿಯಿಂದ ಬೀದಿದೀಪ ನೋಡುತ್ತಾನೆ, ಮತ್ತೆ ಬಂದು ಮಲಗುತ್ತಾನೆ. ಡಾಕ್ಟರು ಕೊಟ್ಟ ಮಾತ್ರೆಯನ್ನು ಒಂದು ವಾರ ತೆಗೆದುಕೊಂಡು ಬಿಟ್ಟ.

ಅಪ್ಪನ ಕಿವಿಯೂ ಅಷ್ಟಕ್ಕಷ್ಟೇ. ಮೂವತ್ತೊಂದು ವರ್ಷದ ಸದ್ದು ಮೇಲಿನ ಸ್ವರಗಳನ್ನೆಲ್ಲ ತಿಂದುಹಾಕಿದೆ. ಕರೆಗಂಟೆ ಕೇಳಿಸುವುದಿಲ್ಲ, ಹಕ್ಕಿ ಕೇಳಿಸುವುದಿಲ್ಲ, ಅಮ್ಮ ಕರೆದದ್ದು ಕೇಳಿಸುವುದಿಲ್ಲ. ಕೊನೆಯದು ಕಿವಿಯ ದೋಷವಲ್ಲ ಎಂದು ಅಮ್ಮನ ವಾದ. ನನ್ನ ಹಾಡುಗಳನ್ನೆಲ್ಲ ನಾನು ಅವನಿಗೆ ಫೋನಿನಲ್ಲಿ ಕೇಳಿಸಿದ್ದೇನೆ. ಹತ್ತೊಂಬತ್ತಕ್ಕೂ ಒಂದೇ ಮಾತು: ಚೆನ್ನಾಗಿದೆ.

ಅವತ್ತು ನಾನು ಹಾಡು ಕೇಳಿಸಲು ಹೊರಟಿದ್ದು ಅಪ್ಪನಿಗಲ್ಲ, ನನಗೇ. ಎಂಜಿನಿಯರ್ ಸರಿ ಮಾಡಿದ್ದು ನಿಜವಾಗಿ ಹೇಗಿದೆ ಎಂದು ದೊಡ್ಡ ಸ್ಪೀಕರಿನಲ್ಲಿ ಕೇಳಿ ತೀರ್ಮಾನಿಸಬೇಕಿತ್ತು. ಸ್ಪೀಕರನ್ನು ಊಟದ ಮೇಜಿನ ಮೇಲಿಟ್ಟೆ. ಮೇಜಿನ ಆ ತುದಿಯಲ್ಲಿ ಅಪ್ಪ ಟೇಬಲ್ ಫ್ಯಾನೊಂದನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ. ಮೊಣಕೈ ಎರಡೂ ಮೇಜಿನ ಮೇಲೆ.

ಇಳಿಸಿದ ಹಾಡು ಶುರುವಾಯಿತು. ನನಗೆ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ಸ್ವಲ್ಪ ಮಂಕು ಅನ್ನಿಸಿತು, ಅಷ್ಟೆ. ಹೂಂ ಅಂದುಬಿಡೋಣ ಎಂದುಕೊಂಡೆ.

ಅಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟ. ತಲೆ ಎತ್ತಿದ. ಎದ್ದು ನಿಂತು ಗೋಡೆಯ ಕಡೆಗೆ ತಿರುಗಿದ. ಗೋಡೆಯ ಮೇಲೆ ಕ್ಯಾಲೆಂಡರ್ ಬಿಟ್ಟರೆ ಏನೂ ಇರಲಿಲ್ಲ.

“ಫ್ರೀಕ್ವೆನ್ಸಿ ಬಿದ್ದಿದೆ,” ಅಂದ. “ನಲವತ್ತೊಂಬತ್ತು. ಫೀಡರ್ ಬಿಡಿಸಬೇಕು.”

ಅಮ್ಮ ಅಡುಗೆಮನೆಯಿಂದ ಇಣುಕಿದಳು. ನಾನು ಹಾಡು ನಿಲ್ಲಿಸಿದೆ. ಅಪ್ಪ ಮೇಜಿನ ಮೇಲೆ ಅಂಗೈ ಇಟ್ಟುಕೊಂಡೇ ನಿಂತಿದ್ದ, ಮುಖದಲ್ಲಿ ನಾಚಿಕೆ. ಏನೋ ಹಳೇ ಗ್ಯಾನ ಅಂದ.

ನಾನು ಇಳಿಸದ ಮೂಲ ಹಾಡನ್ನು ಹಾಕಿದೆ. ನಾಲ್ಕು ಎಣಿಸುವುದರೊಳಗೆ ಅಪ್ಪ ಕುರ್ಚಿಯಲ್ಲಿ ಕೂತ.

“ಇದು ಸರಿ ಇದೆ. ಇದು ನಮ್ಮ ಎರಡನೇ ನಂಬರು.” ಸ್ವಲ್ಪ ಹೊತ್ತು ಕೇಳಿದ. “ನೀನು ಇದನ್ನ ನಮ್ಮನೆ ಅಡುಗೆಮನೇಲಿ ಹಾಡಿದ್ದು ಅಲ್ವೇನೆ?”

“ನಾನು ಇಲ್ಲಿಂದ ಅಲ್ಲಿಗೆ ಕೂಗಿದ್ರೆ ಕೇಳಲ್ಲ,” ಎಂದಳು ಅಮ್ಮ. “ಒಂಬತ್ತು ತಿಂಗಳ ಹಿಂದೆ ಟ್ರಾನ್ಸ್‌ಫಾರ್ಮರ್ ಗೊಣಗಿದ್ದು ಕೇಳುತ್ತೆ.”

ಅಂಕಿಗಳನ್ನು ನಾನು ಕಾಗದದ ಮೇಲೆ ಬರೆದುಕೊಂಡದ್ದು ಆಮೇಲೆ. ನಮ್ಮಲ್ಲಿ ಕರೆಂಟು ಸೆಕೆಂಡಿಗೆ ಐವತ್ತು ಸಲ ಅತ್ತಿತ್ತ ಆಗುತ್ತದೆ. ಟ್ರಾನ್ಸ್‌ಫಾರ್ಮರಿನ ಗುಂಯ್‌ ಅದರ ಎರಡರಷ್ಟು, ನೂರು. ಗಿಟಾರಿನ ಮೂರನೇ ತಂತಿ ಸೆಕೆಂಡಿಗೆ ನೂರ ತೊಂಬತ್ತಾರು ಸಲ ಕಂಪಿಸಬೇಕು, ನನ್ನದು ಇನ್ನೂರು. ನೂರರ ಸರಿಯಾಗಿ ಎರಡರಷ್ಟು. ಬೇರೆಯವರು ಒಂದನೇ ತಂತಿಯಿಂದಲೋ ಆರನೆಯದರಿಂದಲೋ ಶುರು ಮಾಡಿದರೆ ನಾನು ಮೊದಲಿನಿಂದಲೂ ಮೂರನೇ ತಂತಿಯನ್ನು ಮೊದಲು ಹಿಡಿಯುತ್ತೇನೆ. ಯಾಕೆ ಎಂದು ಕೇಳಿದವರಿಗೆ, ಅದು ತಾನೇ ಸಿಗುತ್ತದೆ ಎನ್ನುತ್ತಿದ್ದೆ. ಸಿಗುತ್ತಿದ್ದದ್ದು ಅಡುಗೆಮನೆಯ ಗೋಡೆಯಾಚೆಯಿಂದ. ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಸದ್ದು ಬೇರೆಯಾಗಿ ಕೇಳಿಸುತ್ತಲೇ ಇರಲಿಲ್ಲ. ಅದಕ್ಕೆ ಸೇರದ್ದೆಲ್ಲ ಮಂಕಾಗಿ ಕೇಳುತ್ತಿತ್ತು.

ಮೈಕಿನೊಳಗೂ ಆ ಗುಂಯ್‌ ತೆಳ್ಳಗೆ ಸೇರಿಕೊಂಡಿತ್ತು. ಫೋನಿನ ಪುಟ್ಟ ಸ್ಪೀಕರು ಅಷ್ಟು ಕೆಳಗಿನ ಸದ್ದನ್ನು ಹೊರಡಿಸುವುದಿಲ್ಲ, ಹಾಗಾಗಿ ಅಪ್ಪನಿಗೆ ಇಷ್ಟು ದಿನ ಕೇಳಿಸಿರಲಿಲ್ಲ. ಎಂಜಿನಿಯರ್ ಹಾಡನ್ನು ಇಳಿಸಿದಾಗ ಅದೂ ಇಳಿಯಿತು. ನೂರು ತೊಂಬತ್ತೆಂಟಾಯಿತು, ಐವತ್ತು ನಲವತ್ತೊಂಬತ್ತಾಯಿತು. ಅಪ್ಪನ ಲೆಕ್ಕದಲ್ಲಿ ನಲವತ್ತೊಂಬತ್ತು ಅಂದರೆ ಊರಿಗೆ ಬೇಕಾದಷ್ಟು ಕರೆಂಟು ಹುಟ್ಟುತ್ತಿಲ್ಲ. ಬಡಾವಣೆಗಳನ್ನು ಒಂದೊಂದಾಗಿ ಕತ್ತಲು ಮಾಡದಿದ್ದರೆ ಇಡೀ ಊರೇ ಕತ್ತಲಾಗುತ್ತದೆ. ಮೂವತ್ತೊಂದು ವರ್ಷದಲ್ಲಿ ಹಾಗಾದದ್ದು ಎರಡು ಸಲ.

ಕೀಬೋರ್ಡಿನವನ ಮಾತು ಏಳು ವರ್ಷ ನನ್ನೊಳಗೆ ಕೂತಿತ್ತು. ಅವತ್ತು ಮೂರು ಗಂಟೆಗೆ ಎದ್ದು ಹೋಯಿತು. ನನ್ನ ಕಿವಿ ಸರಿಯಾಗಿಯೇ ಇತ್ತು. ಅದು ಶ್ರುತಿ ಸೇರಿಸುತ್ತಿದ್ದದ್ದು ಅವನ ಕೀಬೋರ್ಡಿಗಲ್ಲ, ಇಡೀ ಊರಿಗೆ. ಬೀದಿದೀಪ, ಫ್ರಿಜ್ಜು, ಆಸ್ಪತ್ರೆಯ ಕಾರಿಡಾರು, ಡಿಪೊದ ಪಂಪು, ಎಲ್ಲದರ ಹಿಂದೆ ಇರುವ ಸ್ವರ ಅದೊಂದೇ. ಊರಿನ ರಾತ್ರಿಯ ಹಾಡನ್ನು ಊರಿನ ಶ್ರುತಿಯಲ್ಲಿ ಹಾಡಿದ್ದೇನೆ. ಗೊತ್ತಿಲ್ಲದೆ ಹಾಡಿದ್ದೇನೆ, ಆ ಮಾತು ಬೇರೆ. ಶ್ರುತಿ ಮೀಟರ್ ನೋಡಿಕೊಂಡಿದ್ದರೆ ಆಗುತ್ತಿರಲಿಲ್ಲ.

ನಾಳೆ ರೇಡಿಯೊಗೆ ಹೋಗಿ ಬೇಡ ಅಂದು ಬರುತ್ತೇನೆ ಎಂದೆ. ಫೋನಿನಲ್ಲೇ ಅಂದರಾಗದೇ ಎಂದು ಅಮ್ಮ ಕೇಳಿದಳು. ಅಪ್ಪ ಮಾತ್ರ, ನಾನೂ ಬರುತ್ತೇನೆ, ನೀನು ಆ ಹಾಡು ಹಾಡಿದ ತಾರೀಕು ಹೇಳು ಎಂದ. ಹೇಳಿದೆ. ಒಳಗೆ ಹೋಗಿ ಮಂಚದ ಕೆಳಗಿನ ಪೆಟ್ಟಿಗೆಯಿಂದ ಒಂದು ಪಾಕೆಟ್ ಡೈರಿ ತಂದ. ಪ್ರತಿ ಗಂಟೆಯ ರೀಡಿಂಗನ್ನು ಸ್ಟೇಷನ್ನಿನ ರಿಜಿಸ್ಟರಿನಲ್ಲಿ ಬರೆಯುವುದು ಕೆಲಸ. ಅದನ್ನೇ ತನ್ನ ಡೈರಿಯಲ್ಲೂ ಬರೆದುಕೊಳ್ಳುವುದು ಅಪ್ಪನ ಚಾಳಿ. ಮೂವತ್ತೊಂದು ಡೈರಿಗಳು. ಅಮ್ಮ ಅವನ್ನು ರದ್ದಿಗೆ ಹಾಕಲು ಎರಡು ಸಲ ನೋಡಿದ್ದಳು.

ಬುಧವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ ಕೇಂದ್ರ ತಲುಪಿದೆವು. ಎಂಜಿನಿಯರ್‌ಗೆ ಐವತ್ತರ ಆಸುಪಾಸು. ಬಾಗಿಲಿಗೆ ಹತ್ತಿಯ ಮೆತ್ತೆ ಹೊಡೆದ ಸಣ್ಣ ಕೋಣೆ, ಗೋಡೆಗೆ ತೂತುತೂತಿನ ಹಲಗೆ, ಕೂರಲು ಎರಡೇ ಕುರ್ಚಿ. ಒಂದನ್ನು ಅಪ್ಪನಿಗೆ ಕೊಟ್ಟು ಅವರು ನಿಂತರು. ನಾನು ಬಂದ ವಿಷಯ ಹೇಳಿದೆ: ಹಾಡನ್ನು ಇಳಿಸುವುದಾದರೆ ಹಾಕಬೇಡಿ. ಪಟ್ಟಿಯಿಂದ ತೆಗೆಯಿರಿ, ಬೇಸರವಿಲ್ಲ.

ಬೇಸರವಿಲ್ಲ ಎಂಬುದು ಸುಳ್ಳು. ಹಿಂದಿನ ರಾತ್ರಿ ನಾನೂ ಅಪ್ಪನ ಹಾಗೆ ಮೂರು ಸಲ ಎದ್ದಿದ್ದೆ.

ಕಾರಣ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಆದರೆ ಒಪ್ಪಲಿಲ್ಲ. ತಂತಿ ರಾತ್ರಿಯ ತಂಪಿಗೆ ಬಿಗಿದು ಏರುತ್ತದೆ, ಮೈಕಿಗೆ ಎಲ್ಲಿಂದಲೋ ಗುಂಯ್‌ ಸೇರುತ್ತದೆ, ಎರಡೂ ಕಾಕತಾಳೀಯವಾಗಿ ಹೊಂದಿರಬಹುದು ಎಂದರು. ಇಷ್ಟು ವರ್ಷದಲ್ಲಿ ಇಂಥ ಕಥೆ ಬಹಳ ಕೇಳಿದ್ದೇನೆ ಎಂದೂ ಸೇರಿಸಿದರು.

ಅಪ್ಪ ಡೈರಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ತೆರೆಯಲಿಲ್ಲ.

“ಸಾರ್, ಆ ಗುಂಯ್‌ ಒಂದನ್ನೇ ಬೇರೆ ಮಾಡಿ ನೋಡೋಕ್ಕಾಗುತ್ತಾ?”

“ಆಗುತ್ತೆ.”

“ಮೊದಲಿಂದ ಕೊನೇವರೆಗೂ ಒಂದೇ ಇದೆಯಾ, ನೋಡಿ. ನೀವು ಮೊದಲು ಹೇಳಿ, ಆಮೇಲೆ ನಾನು ಹೇಳ್ತೀನಿ.”

ಎಂಜಿನಿಯರ್ ಪರದೆಯ ಮುಂದೆ ಬಗ್ಗಿದರು. ಹಾಡನ್ನೂ ಗಿಟಾರನ್ನೂ ತೆಗೆದು ಕೆಳಗಿನ ಒಂದೇ ಗೆರೆ ಉಳಿಸಿಕೊಂಡರು. ಕೋಣೆಯಲ್ಲಿ ನಮ್ಮ ಹಳೆಯ ಮನೆ ಕೇಳಿಸಿತು. ಆರು ನಿಮಿಷ ಹಿಡಿಯಿತು. ಮೊದಲ ಎರಡು ಚರಣಕ್ಕೆ ನೂರು ಎಂದರು. ಬೇಕರಿಯ ಚರಣದಲ್ಲಿ, ಅಂದರೆ ಕೊನೆಯದರಲ್ಲಿ, ನೂರು ಪಾಯಿಂಟ್ ಎರಡು. ಯಂತ್ರದ ತಪ್ಪಿರಬೇಕೆಂದು ಮತ್ತೆ ನೋಡಿದರು. ಅಷ್ಟೇ ಬಂತು.

ಅಪ್ಪ ಈಗ ಡೈರಿ ತೆರೆದು ಅವರ ಕೈಗೆ ಕೊಟ್ಟ. ನೀಲಿ ಶಾಯಿಯಲ್ಲಿ ಮೂರು ಸಾಲು. ಒಂದು ಗಂಟೆ, 50.0. ಎರಡು ಗಂಟೆ, 50.0. ಮೂರು ಗಂಟೆ, 50.1. ನೂರು ಪಾಯಿಂಟ್ ಎರಡರ ಸರಿಯಾಗಿ ಅರ್ಧ.

ಎಂಜಿನಿಯರ್ ಡೈರಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ಸರಿಮಾಡಿಕೊಂಡರು. ನನ್ನ ಕಸುಬಿನ ಕಣ್ಣು ಸುಮ್ಮನಿರಲಿಲ್ಲ. ನಿಮ್ಮ ಎಡಗಡೆಯ ಗಾಜು ಚೌಕಟ್ಟಿನಲ್ಲಿ ತಿರುಗಿ ಕೂತಿದೆ, ಐದು ಡಿಗ್ರಿಯಾದರೂ ಇರಬೇಕು, ಓದುವಾಗ ತಲೆ ನೋಯುತ್ತಿರಬಹುದು ಎಂದೆ. ಎರಡು ತಿಂಗಳಿಂದ ನೋಯುತ್ತಿದೆ ಎಂದರು.

“ನಿಮ್ಮ ಮನೇಲಿ ಎಲ್ಲರೂ ಹೀಗೇನಾ ಯಜಮಾನ್ರೇ?” ಎಂದು ಅಪ್ಪನನ್ನು ಕೇಳಿದರು.

“ಇವರಮ್ಮನ್ನ ಕರ್ಕೊಂಡು ಬಂದಿಲ್ಲ, ಅದಕ್ಕೆ ಖುಷಿ ಪಡಿ,” ಎಂದ ಅಪ್ಪ.

ಗಡಿಯಾರ ಐದಕ್ಕೆ ಎಂಟು ನಿಮಿಷ ತೋರಿಸುತ್ತಿತ್ತು. ಎಂಜಿನಿಯರ್ ಒಮ್ಮೆ ಅದರತ್ತ ನೋಡಿದರು. ಆಮೇಲೆ ನನ್ನ ಹಾಡನ್ನು ಮುಚ್ಚಿ, ಕಾರ್ಯಕ್ರಮದ ಆರಂಭ ಸಂಗೀತವನ್ನು ತೆರೆದರು. ಹನ್ನೆರಡು ಸೆಕೆಂಡಿನ ಕೀಬೋರ್ಡು.

“ಇದನ್ನ ಏರಿಸ್ತೀನಿ,” ಎಂದರು. “ನಿಮ್ದನ್ನ ಮುಟ್ಟಲ್ಲ. ಹೇಗೂ ಕಾರ್ಯಕ್ರಮ ರಾತ್ರಿ ಕೆಲಸದವರಿಗೆ.”

ಮೂವತ್ತೈದು ಭಾಗ ಏರಿಸಿದರು. ಎರಡನ್ನೂ ಜೋಡಿಸಿ ಒಮ್ಮೆ ಕೇಳಿಸಿದರು. ಕೀಬೋರ್ಡಿನ ಕೊನೆಯ ಸ್ವರ ಬಂದು ನನ್ನ ಮೂರನೇ ತಂತಿಯ ಮೇಲೆ ಕೂತಿತು. ಎಲ್ಲಿ ಅದು ಮುಗಿದು ಎಲ್ಲಿ ನಾನು ಶುರುವಾದೆ ಎಂಬುದು ನನಗೇ ತಿಳಿಯಲಿಲ್ಲ. ಒಂದು ಕೀಬೋರ್ಡು ನನ್ನ ಶ್ರುತಿಗೆ ಬಂದದ್ದು ಅದೇ ಮೊದಲು. ನಾನು ಮುಖ ಗೋಡೆಯ ಕಡೆಗೆ ತಿರುಗಿಸಿಕೊಂಡು ತೂತಿನ ಹಲಗೆಯನ್ನು ನೋಡಿದೆ. ಅಪ್ಪ ಡೈರಿಯನ್ನು ಜೇಬಿಗೆ ಹಾಕಿಕೊಂಡ.

ಮನೆಗೆ ಬಸ್ಸಿನಲ್ಲಿ ಬಂದೆವು. ನಮ್ಮ ಸ್ಟಾಪು ಬರುವ ಮುಂಚೆ ಅಪ್ಪ, ಆ ಬೇಕರಿ ಚರಣ ಚೆನ್ನಾಗಿದೆ ಎಂದ. ಎಲ್ಲದಕ್ಕೂ ಹೇಳುವ ಮಾತೇ. ಆದರೆ ಒಂದು ಚರಣದ ಹೆಸರು ಹಿಡಿದು ಹೇಳಿದ್ದು ಅದೇ ಮೊದಲು.

ಶುಕ್ರವಾರ ರಾತ್ರಿ ಹನ್ನೊಂದು ಗಂಟೆ ಒಂದು ನಿಮಿಷಕ್ಕೆ ಹಾಡು ಪ್ರಸಾರವಾಯಿತು. ಅಮ್ಮ ರೇಡಿಯೊಗೆ ನನ್ನ ದೊಡ್ಡ ಸ್ಪೀಕರನ್ನು ಜೋಡಿಸಿ ಮಂಚದ ಪಕ್ಕ ಇಡಲು ಹೇಳಿದ್ದಳು. ಮೂರನೇ ಚರಣ ಬರುವ ಹೊತ್ತಿಗೆ ಅಪ್ಪನಿಗೆ ನಿದ್ದೆ ಹತ್ತಿತ್ತು. ಬೆಳಿಗ್ಗೆ ಆರೂವರೆಯವರೆಗೆ ಏಳಲಿಲ್ಲ.